ಪರದೆಯ ಮುಂದಿನ ಮೂರಡಿ

ಮೂವತ್ತು ವರ್ಷ ನಾಟಕದಲ್ಲೇ ದುಡಿದು, ಒಂದು ಸಲವೂ ರಂಗದ ಮೇಲೆ ಕಾಲಿಡದ ಕಲಾವಿದೆಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಹನ್ನೆರಡು ವರ್ಷ ಅವರ ಜೊತೆ ಒಂದೇ ಬಚ್ಚಲುಮನೆ ಹಂಚಿಕೊಂಡಿದ್ದೇನೆ. ಅವರು ನನ್ನ ಗಂಡನ ಅಕ್ಕ. ಹೆಸರು ಹೇಳುವುದಿಲ್ಲ. ಹೇಳಕೂಡದೆಂದು ಅವರದೇ ಕಟ್ಟಪ್ಪಣೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಒಗಟನ್ನು ಈಗಲೇ ಬಿಡಿಸಿಬಿಡುತ್ತೇನೆ. ಜನರನ್ನು ಕಾಯಿಸುವುದು ನನಗೆ ಒಗ್ಗದ ಕೆಲಸ. ನಮ್ಮ ನಾದಿನಿ ಮುಂಬಯಿಯ ಕೊಂಕಣಿ ನಾಟಕಗಳಲ್ಲಿದ್ದರು. ಒಂದು ದೃಶ್ಯ ಮುಗಿದು ಪರದೆ ಬಿದ್ದ ಕೂಡಲೇ ಹಿಂದುಗಡೆ ಬಡಗಿಗಳು ನುಗ್ಗಿ ಅರಮನೆ ಕಿತ್ತು ಗುಡಿಸಲು ನಿಲ್ಲಿಸಬೇಕು. ಮೊಳೆ ಹೊಡೆಯುವ ಸದ್ದು, ಹಲಗೆ ಎಳೆಯುವ ಸದ್ದು, ಯಾರದೋ ಪಾದದ ಮೇಲೆ ಸಿಂಹಾಸನ ಬಿದ್ದ ನರಳಾಟ. ಇದಾವುದೂ ಜನರಿಗೆ ಕೇಳಿಸಬಾರದು. ಅದಕ್ಕಾಗಿ ಪರದೆಗೂ ವೇದಿಕೆಯ ಅಂಚಿಗೂ ನಡುವೆ ಉಳಿಯುವ ಮೂರಡಿ ಜಾಗಕ್ಕೆ ಇವರು ಬರುತ್ತಿದ್ದರು. ಮೈಮೇಲೆ ಗಂಡಸಿನ ಪಟ್ಟೆ ಕೋಟು, ಕಾಲಲ್ಲಿ ತಳಕ್ಕೆ ಕಬ್ಬಿಣದ ತಗಡು ಹೊಡೆಸಿದ ಟ್ಯಾಪ್ ಡ್ಯಾನ್ಸಿನ ಬೂಟು, ಮೂಗಿನ ಕೆಳಗೆ ಎಡಗಡೆಗೆ ಮಾತ್ರ ಅಂಟಿಸಿದ ಅರ್ಧ ಮೀಸೆ. ಮೀಸೆಯ ಬದಿಯನ್ನು ಜನರಿಗೆ ತೋರಿಸಿದರೆ ಗಂಡ, ಬೋಳು ಬದಿಯನ್ನು ತೋರಿಸಿದರೆ ಹೆಂಡತಿ. ಇಬ್ಬರಿಗೂ ಜಗಳ ಹಚ್ಚಿ, ನಡುನಡುವೆ ಟಕಟಕ ಕುಣಿದು, ಹಿಂದಿನ ಗದ್ದಲವನ್ನೆಲ್ಲ ತಮ್ಮ ಗದ್ದಲದಲ್ಲಿ ಮುಚ್ಚಿಹಾಕುವುದು ಅವರ ಉದ್ಯೋಗ. ಒಳಗೆ ಗುಡಿಸಲು ಸಿದ್ಧವಾದರೆ ಬಡಗಿಗಳ ಮೇಸ್ತ್ರಿ ನೆಲಕ್ಕೆ ಮೂರು ಸಲ ಬಡಿಯುತ್ತಾನೆ. ಆಗ ಯಾವ ಮಾತಿನಲ್ಲಿದ್ದರೂ ಸರಿ, ಜನ ನಗುವಂತೆ ಅದನ್ನು ಮುಗಿಸಿ ಮರೆಯಾಗಬೇಕು.

ಕೆಲವು ದಿನ ಎರಡೇ ನಿಮಿಷ. ಒಂದು ದಿನ ಮಾತ್ರ ರಾಜನ ಮಹಲು ಮಗುಚಿ ಬಿದ್ದು ಇಪ್ಪತ್ತೈದು ನಿಮಿಷ! ಇದ್ದ ಜೋಕುಗಳೆಲ್ಲ ಮುಗಿದವು, ಗಂಡ ಹೆಂಡತಿಗೆ ಎರಡು ಸಲ ರಾಜಿಯಾಯಿತು, ಆದರೂ ಮೂರು ಬಡಿತ ಕೇಳಿಸಲಿಲ್ಲ. ಕೊನೆಗೆ ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನ ನಿಲ್ದಾಣಗಳನ್ನೆಲ್ಲ ರಾಗವಾಗಿ ಹಾಡುತ್ತ, ಒಂದೊಂದು ನಿಲ್ದಾಣಕ್ಕೂ ಒಂದೊಂದು ಹೆಜ್ಜೆ ಹಾಕಿದರಂತೆ. ಸುರತ್ಕಲ್, ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, "ಹೆಜಮಾಡಿ ಬಿಟ್ಟಿರಿ" ಎಂದರು.

"ಯಾಕೆ, ನಿಮಗೆ ಅಲ್ಲಿ ಇಳಿಯಲಿಕ್ಕೆ ಉಂಟಾ?" ಎಂದು ಇವರು ಹಾಡಿನಲ್ಲೇ ಬಸ್ಸನ್ನು ಮೂಲ್ಕಿಗೆ ತಿರುಗಿಸಿಕೊಂಡು ಹೋಗಿ ಆತನನ್ನು ಹೆಜಮಾಡಿಯಲ್ಲಿ ಇಳಿಸಿ ಬಂದರು. ಅವತ್ತಿನಿಂದ ಹೆಜಮಾಡಿಯನ್ನು ಬೇಕೆಂದೇ ಬಿಡುವುದು, ಜನ ಕೂಗುವುದು ಪದ್ಧತಿಯಾಯಿತು.

ಇನ್ನು ನನ್ನ ವಿಷಯ. ನಾನು ಸನ್ಯಾಸಿನಿಯರ ಬೋರ್ಡಿಂಗ್ ಶಾಲೆಯಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವಳು. ಆಮೇಲೆ ಲಂಡನ್ನಿನ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸು. ಅದರಲ್ಲಿ ಹದಿನೆಂಟು ವರ್ಷ ವಾರ್ಡ್ ಸಿಸ್ಟರ್. ಎದೆಗೆ ತಲೆಕೆಳಗಾಗಿ ಪಿನ್ನು ಹಾಕಿದ ಗಡಿಯಾರವನ್ನು ನಿವೃತ್ತಿಯ ನಂತರವೂ ತೆಗೆದಿಲ್ಲ. ನಮ್ಮ ಟೂಟಿಂಗಿನ ಮನೆಯಲ್ಲಿ ಐದೂವರೆಗೆ ಏಳುವುದು, ಐದು ನಲವತ್ತಕ್ಕೆ ಚಹಾ, ಆರಕ್ಕೆ ಪ್ರಾರ್ಥನೆ. ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಿಸುವುದು ನಮ್ಮಲ್ಲಿ ಧರ್ಮಕ್ಕಿಂತ ಒಂದು ಮೆಟ್ಟಿಲು ಮೇಲೆ. ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಪ್ರತಿಭಟಿಸಿ, ನಂತರ ಪತ್ರಿಕೆಯ ಹಿಂದೆ ವಾಸಿಸತೊಡಗಿದರು.

ಇಂಥ ಮನೆಗೆ ನಾದಿನಿ ಬಂದದ್ದು ತೊಂಬತ್ತರ ದಶಕದ ನಡುವೆ. ಅವರ ಗಂಡ ಹಡಗಿನಲ್ಲಿ ಅಡುಗೆಯವರು. ಅವರ ಜೊತೆ ಲಂಡನ್ನಿಗೆ ಬಂದು ವೆಂಬ್ಲಿಯಲ್ಲಿ ನೆಲೆಸಿ, ಅಲ್ಲಿಯ ವೃದ್ಧರ ಕೂಟಗಳಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಕುಣಿದು ನಗಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಮೂರು ವಾರಕ್ಕೆಂದು ಹೊರಟರು. ಅವತ್ತು ಅವರು ಕರೆಗಂಟೆ ಒತ್ತುವ ಮೊದಲೇ ನನಗೆ ಗೊತ್ತಾಯಿತು, ಬೀದಿಯ ಮೂಲೆಯಿಂದಲೇ ಬೂಟಿನ ಸದ್ದು! ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲವೆಂದು ಟ್ಯಾಪ್ ಬೂಟನ್ನು ಕಾಲಿಗೇ ಹಾಕಿಕೊಂಡು ನೆಲದಡಿಯ ಟ್ಯೂಬ್ ರೈಲಿನಲ್ಲಿ ಬಂದಿದ್ದರು.

"ಮೆಟ್ಟಿಲ ಮೇಲೆ ಎಲ್ಲರೂ ನನಗೆ ದಾರಿ ಬಿಟ್ಟರು ಸಿಸ್ಟರ್," ಎಂದರು ಒಳಗೆ ಬಂದವರೇ. ಮನೆಯಲ್ಲಿ ನನ್ನನ್ನು ಸಿಸ್ಟರ್ ಎಂದು ಕರೆಯುವ ಏಕೈಕ ವ್ಯಕ್ತಿ ಅವರು. ಅದು ಗೌರವವೋ ಕೀಟಲೆಯೋ ಎಂದು ಕೊನೆಯವರೆಗೂ ಪತ್ತೆಯಾಗಲಿಲ್ಲ.

ಮರುದಿನ ಐದು ನಲವತ್ತೈದಕ್ಕೆ ಅಡುಗೆಮನೆಯಲ್ಲಿ ಟಕಟಕ ಶುರು. ನಾನು ಚಹಾದ ಕಪ್ಪು ಹಿಡಿದು ಹೋಗಿ ನಿಂತೆ.

"ಇದು ಎಂತ ಅಕ್ಕ, ಬೆಳಿಗ್ಗೆ ಬೆಳಿಗ್ಗೆ?"

"ನಿನ್ನ ಮನೆಯಲ್ಲಿ ಕಾರ್ಪೆಟ್ಟೇ ಎಲ್ಲ ಕಡೆ. ಅಡುಗೆಮನೆಯಲ್ಲಿ ಮಾತ್ರ ಲಿನೋಲಿಯಂ. ಲಿನೋಲಿಯಂ ಒಳ್ಳೇ ಸದ್ದು ಕೊಡ್ತದೆ ಮಾರಾಯ್ತಿ. ನಿಮ್ಮ ವಾರ್ಡಿನಲ್ಲೂ ಲಿನೋಲಿಯಂ ಅಲ್ಲವಾ? ಮೂವತ್ತು ವರ್ಷ ನಡೆದಿದ್ದೀಯಲ್ಲ, ಒಂದು ದಿನವೂ ಕುಣಿಯಬೇಕು ಅನ್ನಿಸಲಿಲ್ಲವಾ?"

ವಾರ್ಡಿನಲ್ಲಿ ಕುಣಿಯುವುದು! ನಾನು ಗಡಿಯಾರ ತಿರುಗಿಸಿ ನೋಡಿ ತೀರ್ಪು ಕೊಟ್ಟೆ: ಹತ್ತರಿಂದ ಹತ್ತೂ ಇಪ್ಪತ್ತರವರೆಗೆ, ನಾನು ತರಕಾರಿಗೆ ಹೋದಾಗ ಮಾತ್ರ. ಅವರು ಒಪ್ಪಿದರು. ಮೂರನೇ ದಿನ ನಾನು ಛತ್ರಿ ಮರೆತು ಬೇಗ ಹಿಂದಿರುಗಿದರೆ, ಅಡುಗೆಮನೆಯಲ್ಲಿ ನಾಲ್ಕು ಕಾಲುಗಳ ಸದ್ದು. ನಮ್ಮ ಯಜಮಾನರು ಪತ್ರಿಕೆ ಇಲ್ಲದೆ ನಿಂತಿದ್ದರು. ಅವರ ಮುಖ ಅಷ್ಟು ಹೊತ್ತು ಪೂರ್ತಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು.

ಮೂರು ವಾರ ಮುಗಿದವು. ಮೂರು ತಿಂಗಳೂ ಮುಗಿದವು. ಸೂಟ್‌ಕೇಸು ಅಟ್ಟಕ್ಕೆ ಹೋಯಿತು.

ಅಷ್ಟರಲ್ಲಿ ನನಗೆ ಅವರ ಸ್ವಭಾವದ ಮೂಲ ಸಿಕ್ಕಿತ್ತು. ಮೂವತ್ತು ವರ್ಷ ಪರದೆಯ ಮುಂದಿದ್ದ ಮನುಷ್ಯರಿಗೆ ಜಗತ್ತಿನಲ್ಲಿ ಎಲ್ಲೆಲ್ಲೂ ಪರದೆಯೇ ಕಾಣುತ್ತದೆ. ಎಲ್ಲಿ ಏನು ಎಡವಟ್ಟಾಗುತ್ತಿದ್ದರೂ ಅದರ ಮುಂದೆ ಹೋಗಿ ನಿಂತು ಕುಣಿಯುವುದು ತಮ್ಮ ಡ್ಯೂಟಿ ಎಂದೇ ಅವರ ನಂಬಿಕೆ. ಒಮ್ಮೆ ಅವರ ಬಸ್ ಪಾಸಿಗೆಂದು ಕೌನ್ಸಿಲ್ ಕಚೇರಿಗೆ ಹೋಗಿದ್ದೆವು. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟು ನಿಂತಿತು. ಒಳಗೆ ಏಳು ಜನ, ಒಂದು ತಳ್ಳುಗಾಡಿ, ಅದರಲ್ಲೊಂದು ಕೂಸು. ಕೂಸು ಅಳಲು ಬಾಯಿ ತೆರೆದಿತ್ತಷ್ಟೇ. ನಾದಿನಿ ಕೈಚೀಲದಿಂದ ಅರ್ಧ ಮೀಸೆ ತೆಗೆದು ಅಂಟಿಸಿಕೊಂಡರು. ಬಸ್ ಪಾಸಿಗೆ ಹೋಗುವಾಗ ಮೀಸೆ ಒಯ್ಯುವವರು ಯಾರಾದರೂ ಇದ್ದಾರೆಯೇ? ಗಂಡ ಹೆಂಡತಿಯ ಜಗಳ ಇಂಗ್ಲಿಷಿನಲ್ಲಿ ಶುರುವಾಯಿತು. ಕಾಲಲ್ಲಿ ಅದೇ ಬೂಟು, ಲಿಫ್ಟಿನ ನೆಲ ಲೋಹದ್ದು, ಕೇಳಬೇಕೇ! ನಾನು ಗೋಡೆಗೆ ಮುಖಮಾಡಿ ಅಪರಿಚಿತಳಂತೆ ನಿಂತೆ. ನಲವತ್ತು ನಿಮಿಷವಾದ ಮೇಲೆ ಅಗ್ನಿಶಾಮಕದವರು ಬಾಗಿಲು ಮೀಟಿ ತೆರೆದಾಗ, ಫೈಲು ಹಿಡಿದ ದಢೂತಿ ಮನುಷ್ಯರೊಬ್ಬರು ಕೈ ಅಡ್ಡ ಮಾಡಿ ಹೇಳಿದರು: "ಒಂದು ನಿಮಿಷ ನಿಲ್ಲಪ್ಪ, ಆಕೆ ಮುಗಿಸಲಿ."

ಇನ್ನೊಮ್ಮೆ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹೆಂಡತಿಯೊಂದಿಗೆ ಊಟಕ್ಕೆ ಬಂದಿದ್ದರು. ಅವರು ಧಾರವಾಡದ ಕಡೆಯವರು, ಸಜ್ಜನರು. ಅವತ್ತೇ ನಮ್ಮ ಯಜಮಾನರು ಕಸದ ಡಬ್ಬಿಯನ್ನು ಹೊರಗಿಡುವ ದಿನ ಮರೆತಿದ್ದರು. ಹದಿನೈದು ದಿನದ ಕಸ! ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ನಾನು ಅವರಿಗೆ ಕೆಲವು ಮಾತು ಹೇಳಿದೆ. ಮೆತ್ತಗೇ ಹೇಳಿದೆ ಎಂದುಕೊಂಡಿದ್ದೆ. ಹೊರಗೆ ಟಕಟಕ ಶುರುವಾಯಿತು. ನಾನು ದನಿ ಏರಿಸಿದಷ್ಟೂ ಬೂಟಿನ ಸದ್ದು ಏರುತ್ತಿತ್ತು. ಊಟವಾದ ಮೇಲೆ ಅಧ್ಯಕ್ಷರು ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತ, "ಸಿಸ್ಟರ್, ನಿಮ್ಮ ನಾದಿನಿಯವರ ಪ್ರೋಗ್ರಾಮ್ ಭಾಳ ಚಲೋ ಆತು ನೋಡ್ರಿ. ನಡುನಡುವ ಒಳಗಿಂದ ಬರ್ತಿದ್ದ ಡೈಲಾಗೂ ಮಸ್ತ್ ಇದ್ವು," ಎಂದರು.

ಆ ಸಂಘದಲ್ಲಿ ನಾನು ಕಾರ್ಯಕ್ರಮ ಕಾರ್ಯದರ್ಶಿ. ಕನ್ನಡಿಗರ ಸಮಾರಂಭವನ್ನು ಹೇಳಿದ ಹೊತ್ತಿಗೆ ಶುರುಮಾಡಿ ಹೇಳಿದ ಹೊತ್ತಿಗೆ ಮುಗಿಸುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ವರ್ಷಕ್ಕೊಮ್ಮೆ ವೆಂಬ್ಲಿಯಲ್ಲಿ ಒಂದು ಶಾಲೆಯ ಸಭಾಂಗಣ ಹಿಡಿಯುತ್ತಿದ್ದೆವು. ಅದಕ್ಕೆ ನಾನು ಒಂದು ಹಾಳೆಯಲ್ಲಿ ನಿಮಿಷ ನಿಮಿಷದ ಪಟ್ಟಿ ಮಾಡಿ, ಟೈಪು ಮಾಡಿಸಿ, ಇನ್ನೂರು ಪ್ರತಿ ಹಂಚುತ್ತಿದ್ದೆ. ಪ್ರಾರ್ಥನೆ ನಾಲ್ಕು ನಿಮಿಷ. ಸ್ವಾಗತ ಆರು ನಿಮಿಷ. ಅಧ್ಯಕ್ಷರ ಭಾಷಣ ಎಂಟು ನಿಮಿಷ (ಅವರಿಗೆ ಐದು ಎಂದು ಹೇಳಿರುತ್ತಿದ್ದೆ).

ಆ ಪಟ್ಟಿಯಲ್ಲಿ ತಮ್ಮ ಹೆಸರು ಅಚ್ಚಾಗಬೇಕೆಂಬುದು ನಾದಿನಿಯ ಆಸೆ. ಜೀವನದಲ್ಲಿ ಅವರು ನನ್ನ ಹತ್ತಿರ ಕೇಳಿದ್ದು ಅದೊಂದನ್ನೇ. ಪ್ರತಿ ವರ್ಷ, ನಾನು ಊಟದ ಮೇಜಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆಯುವಾಗ, ಎದುರಿಗೆ ಬಂದು ಕೂರುತ್ತಿದ್ದರು.

"ಈ ಸಲ ನನ್ನದು ಉಂಟಾ ಸಿಸ್ಟರ್?"

"ಐಟಂ ಏನು ಅಂತ ಬರೆಯಲಿ?"

"ನಾನೇ ಐಟಂ."

"ಎಷ್ಟು ನಿಮಿಷ?"

"ಅದು ನಂಗೆ ಹೇಗೆ ಗೊತ್ತು? ಮೂರು ಬಡಿತ ಕೇಳುವವರೆಗೆ."

ಇಂಥ ಉತ್ತರವನ್ನು ಪಟ್ಟಿಯ ಯಾವ ಕಾಲಮ್ಮಿನಲ್ಲಿ ತುಂಬುವುದು? ಒಂದು ವರ್ಷ, ಕೆಲಸದ ಅವಸರದಲ್ಲಿ, ತಲೆಯೆತ್ತದೆ ಹೇಳಿಬಿಟ್ಟೆ: "ನೀವು ಐಟಂ ಅಲ್ಲ ಅಕ್ಕ. ನೀವು ಗ್ಯಾಪು."

ಅವರು ನಕ್ಕರು. "ಹೌದು, ನಾನು ಗ್ಯಾಪೇ," ಎಂದರು. ಯಜಮಾನರ ಪತ್ರಿಕೆ ಒಂದು ಪುಟ ಮಗುಚಿತು. ಬೇರೆ ದಿನದಂತೆ ಅದರ ಹಿಂದಿನಿಂದ ನಗುವಿನ ಅಲುಗಾಟ ಕಾಣಿಸಲಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅವರು ವೇದಿಕೆಗೆ ಬಾರದ ವರ್ಷವೇ ಇಲ್ಲ. ಯಾಕೆಂದರೆ ನನ್ನ ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಮೈಕು ಕೈಕೊಡುತ್ತದೆ, ಭರತನಾಟ್ಯದ ಹುಡುಗಿಯ ಗೆಜ್ಜೆ ಅಕ್ಸ್‌ಬ್ರಿಡ್ಜಿನ ಮನೆಯಲ್ಲೇ ಉಳಿಯುತ್ತದೆ, ಅಧ್ಯಕ್ಷರ ಭಾಷಣದ ಎರಡನೇ ಹಾಳೆ ಹೆಂಡತಿಯ ಚೀಲದಲ್ಲಿ ಸೇರಿಕೊಳ್ಳುತ್ತದೆ. ಪರದೆ ಬೀಳುತ್ತದೆ. ಪರದೆಯ ಮುಂದೆ ಟಕಟಕ. ಎದ್ದು ಚಹಾಕ್ಕೆ ಹೊರಟ ಜನ ಮತ್ತೆ ಕೂರುತ್ತಾರೆ. ಮರುದಿನ ನಾನು ವರದಿ ಬರೆಯುತ್ತೇನೆ: "ಒಂಬತ್ತು ನಿಮಿಷ ವಿಳಂಬ. ನಿಭಾಯಿಸಲಾಯಿತು." ನಾದಿನಿ ಅದನ್ನು ನನ್ನ ಹೆಗಲ ಮೇಲಿಂದ ಓದಿ, "ಯಾರು ಆ ಪುಣ್ಯಾತ್ಮರು, ನಿಭಾಯಿಸಿದವರು? ನಂಗೂ ಪರಿಚಯ ಮಾಡಿಸು," ಎನ್ನುತ್ತಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಸೋಮವಾರ (ಸೋಮವಾರ ಕಪಾಟು ಒರೆಸುವ ದಿನ) ಅವರ ಕೋಣೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಒಳಗೆ ಹಳದಿಯಾದ ಮುಂಬಯಿಯ ನಾಟಕದ ಹ್ಯಾಂಡ್‌ಬಿಲ್ಲುಗಳು, ಐವತ್ತೋ ಅರವತ್ತೋ. ಪ್ರತಿಯೊಂದರಲ್ಲೂ ರಾಜನ ಹೆಸರು, ರಾಣಿಯ ಹೆಸರು, ಸೇವಕನ ಹೆಸರು. ಬಣ್ಣ ಬಳಿದವನ ಹೆಸರು. ದೀಪ ಹಿಡಿದವನ ಹೆಸರು. ಎದುರಿನ ಸೋಡಾ ಅಂಗಡಿಯ ಹೆಸರು. ಇವರದು ಮಾತ್ರ ಒಂದರಲ್ಲೂ ಇಲ್ಲ. ಇಲ್ಲ ಎನ್ನುವಂತೆಯೂ ಇಲ್ಲ: ಮೂರನೇ ದೃಶ್ಯಕ್ಕೂ ನಾಲ್ಕನೇ ದೃಶ್ಯಕ್ಕೂ ನಡುವಿನ ಸಾಲಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಅವರೇ ಬರೆದುಕೊಂಡಿದ್ದರು. ಎಲ್ಲ ಹ್ಯಾಂಡ್‌ಬಿಲ್ಲುಗಳಲ್ಲೂ ಹಾಗೆಯೇ. ಡಬ್ಬಿಯ ತಳದಲ್ಲಿ ನನ್ನ ಟೈಪು ಮಾಡಿದ ಪಟ್ಟಿಗಳು, ವರ್ಷದ ಕ್ರಮದಲ್ಲಿ. ಅವುಗಳಲ್ಲೂ ಮೈಕು ಕೆಟ್ಟ ಜಾಗದಲ್ಲಿ, ಗೆಜ್ಜೆ ಮರೆತ ಜಾಗದಲ್ಲಿ, ಪೆನ್ಸಿಲ್ಲು.

ಮುಚ್ಚಳ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಆ ಕಪಾಟನ್ನು ಅವತ್ತು ಒರೆಸಲಿಲ್ಲ.

ಆ ವರ್ಷದ ಪಟ್ಟಿಯಲ್ಲಿ ಅಚ್ಚಾಯಿತು: ಏಳು ಹತ್ತರಿಂದ ಏಳು ಇಪ್ಪತ್ತೆರಡು, ಹಾಸ್ಯ ಮತ್ತು ನೃತ್ಯ, ಅದರ ಮುಂದೆ ದಪ್ಪಕ್ಷರದಲ್ಲಿ ಅವರ ಪೂರ್ತಿ ಹೆಸರು. ಇದು ಸಾಲದೆಂದು ನಾನು ಅವರಿಗೆ ಇಡೀ ವೇದಿಕೆಯನ್ನೇ ಬಿಟ್ಟುಕೊಡಲು ನಿರ್ಧರಿಸಿದೆ. ಹಿಂದಿನ ಕುರ್ಚಿ, ಮೇಜು, ಬ್ಯಾನರು, ಚಹಾದ ಬಾಯ್ಲರು, ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ನೆಲ ಗುಡಿಸಿ ಒರೆಸಿದೆ. ಮೂರಡಿಯಲ್ಲಿ ಬದುಕಿದವರಿಗೆ ಮೂವತ್ತಡಿ! ನನ್ನ ಉದಾರತೆಗೆ ನನಗೇ ಕಣ್ಣು ತುಂಬಿ ಬಂದಿತ್ತು.

ನಾದಿನಿ ಒಂದು ವಾರ ಮೊದಲಿಂದ ಊಟ ಬಿಟ್ಟರು. ಪಟ್ಟೆ ಕೋಟನ್ನು ಮೂರು ಸಲ ಇಸ್ತ್ರಿ ಮಾಡಿದರು. ಟೂಟಿಂಗಿನ ಹೋಟೆಲಿನಲ್ಲಿ ತಮ್ಮನ ತಟ್ಟೆಯಿಂದಲೂ ದೋಸೆ ಕೀಳುವವರು ತಮ್ಮದನ್ನೇ ಅರ್ಧ ಬಿಟ್ಟೆದ್ದರು. "ನಂಗೆ ಯಾಕೋ ಹಸಿವೇ ಇಲ್ಲ ಸಿಸ್ಟರ್." ನಾನು ಜ್ವರ ನೋಡಿದೆ. ಇರಲಿಲ್ಲ.

ಏಳು ಹತ್ತಕ್ಕೆ ಸರಿಯಾಗಿ ಪರದೆ ತೆರೆಯಿತು. ನಡುವೇದಿಕೆಯಲ್ಲಿ ನಾದಿನಿ. ಜನ ಚಪ್ಪಾಳೆ ತಟ್ಟಿದರು. ಅವರು ಒಂದು ಹೆಜ್ಜೆ ಹಾಕಿದರು, ನಿಂತರು, ತಿರುಗಿ ಹಿಂದೆ ನೋಡಿದರು. ಹಿಂದೆ ನಾನು ಒರೆಸಿದ ನೆಲ ಹೊಳೆಯುತ್ತಿತ್ತು. ಮೀಸೆಯ ಬದಿ ತಿರುಗಿಸಿ ಗಂಡನ ಮಾತು ಹೇಳಿದರು, ಯಾರೂ ನಗಲಿಲ್ಲ. ಹೆಂಡತಿಯ ಮಾತು ಮರೆತರು. ನಾಲ್ಕು ಹೆಜ್ಜೆ ಕುಣಿದರು. ಆ ದೊಡ್ಡ ವೇದಿಕೆಯಲ್ಲಿ ಅದು ಯಾರೋ ದೂರದಲ್ಲಿ ಬಾಗಿಲು ತಟ್ಟಿದಂತೆ ಕೇಳಿಸಿತು. ಮೊದಲ ಸಾಲಿನಲ್ಲಿ ಒಬ್ಬರು ಪಟ್ಟಿ ತೆಗೆದು ಮುಂದಿನ ಐಟಂ ಯಾವುದೆಂದು ಹುಡುಕತೊಡಗಿದರು.

ಏಳು ಹದಿಮೂರಕ್ಕೆ ಅವರು ಕುಣಿಯುವಂತೆ ನಟಿಸುತ್ತ ಪಕ್ಕಕ್ಕೆ ಸರಿದು, ಮರೆಯಲ್ಲಿದ್ದ ನನ್ನ ಹತ್ತಿರ ಬಂದರು. ಮುಖ ಬೆವೆತು ಮೀಸೆ ಜಾರಿತ್ತು.

"ಹಿಂದೆ ಎಂತದೂ ಇಲ್ಲವಲ್ಲ ಸಿಸ್ಟರ್!"

"ಎಲ್ಲ ನಿಮಗಾಗಿಯೇ ತೆಗೆದಿದ್ದೇನೆ ಅಕ್ಕ."

"ಮತ್ತೆ ನಾನು ಯಾರಿಗೋಸ್ಕರ ಕುಣಿಯಲಿ?"

"ಜನರಿಗೋಸ್ಕರ."

"ಅವರಿಗೆ ಎಂತ ತೊಂದರೆ? ಆರಾಮಾಗಿ ಕೂತಿದ್ದಾರೆ," ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಪರದೆ ಎಳಿ. ಹಿಂದೆ ಏನಾದರೂ ಬಡಿ. ನಿನ್ನ ಕಾಲಿಗೆ ಬೀಳ್ತೇನೆ, ಏನಾದರೂ ಬೀಳಿಸು."

ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಜನ್ಮದಲ್ಲಿ ಮಾಡಿದವಳಲ್ಲ. ಆದರೂ ಹಗ್ಗ ಎಳೆದೆ. ಪರದೆ ಮುಚ್ಚಿತು. ಅವರು ಮೂರಡಿಗೆ ಹಾರಿದರು. ನಾನು ಬಾಯ್ಲರಿನ ಮುಚ್ಚಳ ಎತ್ತಿಕೊಂಡು ಸಾಂಬಾರಿನ ಸೌಟಿನಿಂದ ಒಂದು ಏಟು ಹಾಕಿದೆ. ಮೊದಲ ಏಟು ನಾಚಿಕೆಯಿಂದ ಮೆಲ್ಲಗೆ ಬಿತ್ತು. ಎರಡನೆಯದಕ್ಕೆ ನಾಚಿಕೆ ಹೋಯಿತು. ಕಬ್ಬಿಣದ ಕುರ್ಚಿಗಳನ್ನು ಎಳೆದೆ, ಒಂದರ ಮೇಲೊಂದು ಪೇರಿಸಿ ಬೀಳಿಸಿದೆ. ಹೊರಗೆ ಬೂಟಿಗೆ ಜೀವ ಬಂತು.

"ಕೇಳಿಸಿತಾ?" ಎಂದಿತು ಪರದೆಯಾಚೆಯಿಂದ ನಾದಿನಿಯ ದನಿ. "ಒಳಗೆ ನನ್ನ ತಮ್ಮನ ಹೆಂಡತಿ ಅರಮನೆ ಕಟ್ತಾ ಇದ್ದಾಳೆ. ನರ್ಸು ಕಟ್ಟಿದ ಅರಮನೆ ಸ್ವಾಮಿ! ರಾಜ ಐದೂವರೆಗೆ ಏಳಬೇಕು. ಚಾದರದ ಮೂಲೆ ಸರಿ ಇಲ್ಲದಿದ್ದರೆ ಸಿಂಹಾಸನ ಇಲ್ಲ. ಕಸದ ಡಬ್ಬಿ ಹೊರಗೆ ಇಡದಿದ್ದರೆ ತಲೆದಂಡ!"

ಸಭಾಂಗಣ ಹೊಯ್ದಾಡಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ದನಿಯನ್ನು ನಾನು ತಕ್ಷಣ ಗುರುತಿಸಿದೆ. ಅದರ ಮುಂದೆ ಅವತ್ತು ಪತ್ರಿಕೆ ಇರಲಿಲ್ಲ.

ಮೂರು ಬಡಿತ ಬಡಿಯಬೇಕಾದವಳು ನಾನೇ. ಗಡಿಯಾರ ತಿರುಗಿಸಿದೆ: ಏಳು ಇಪ್ಪತ್ತೆರಡು. ಹೊರಗೆ ಬಸ್ಸು ಸುರತ್ಕಲ್ ಬಿಟ್ಟಿತ್ತಷ್ಟೇ. ಗಡಿಯಾರವನ್ನು ಮತ್ತೆ ಮಗುಚಿಟ್ಟು, ಇನ್ನೊಂದು ಕುರ್ಚಿ ಬೀಳಿಸಿದೆ. ಏಳು ಮೂವತ್ತೊಂದಕ್ಕೆ ಮೂರು ಸಲ ಬಡಿದೆ. ಆ ಒಂಬತ್ತು ನಿಮಿಷದ ಬಗ್ಗೆ ವರದಿಯಲ್ಲಿ ಈವರೆಗೂ ಏನೂ ಬರೆದಿಲ್ಲ.

ಆದರೆ ಜನ ಬಿಡಬೇಕಲ್ಲ! ಅಧ್ಯಕ್ಷರೇ ಎದ್ದು, "ಸಿಸ್ಟರ್, ಅರಮನಿ ತೋರಸ್ರಿ! ಪರದೆ ತೆಗೀರಿ!" ಎಂದು ಕೂಗಿದರು. ನಾದಿನಿಯೇ ಹಗ್ಗ ಜಗ್ಗಿದರು. ಮಗುಚಿ ಬಿದ್ದ ಇಪ್ಪತ್ತು ಕುರ್ಚಿಗಳ ನಡುವೆ, ಬಿಚ್ಚಿಹೋದ ತುರುಬಿನಲ್ಲಿ, ಒಂದು ಕೈಯಲ್ಲಿ ಮುಚ್ಚಳ ಇನ್ನೊಂದು ಕೈಯಲ್ಲಿ ಸೌಟು ಹಿಡಿದು ನಾನು ನಿಂತಿದ್ದೆ. ಆ ಸಂಜೆಯ ಅತಿ ದೊಡ್ಡ ನಗು ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕೇ? ಏನು ಮಾಡಬೇಕೆಂದು ತಿಳಿಯದೆ, ಹಿರಿಯ ಡಾಕ್ಟರು ವಾರ್ಡಿಗೆ ಬಂದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತುಬಿಟ್ಟೆ. ಜನ ಇನ್ನೂ ನಕ್ಕರು.

ಮುಂದಿನ ವರ್ಷ ಪಟ್ಟಿಗೆ ಗೆರೆ ಎಳೆಯುವಾಗ ನಾನೇ ಕರೆದು ಕೇಳಿದೆ, "ಅಕ್ಕ, ಈ ಸಲ ಎಷ್ಟು ನಿಮಿಷ ಹಾಕಲಿ?"

"ನನ್ನ ಹೆಸರು ಇನ್ನು ಎಲ್ಲಿಯೂ ಬರೆಯಬೇಡ ಮಾರಾಯ್ತಿ," ಎಂದರು. "ಹೆಸರು ಬರೆದರೆ ನೀನು ಹಿಂದೆ ಎಲ್ಲ ಗುಡಿಸಿ ಒರೆಸಿ ಬಿಡ್ತೀ. ಸ್ವಲ್ಪ ಜಾಗ ಬಿಡು. ಸಾಕು."

ಹೀಗಾಗಿ ಅಲ್ಲಿಂದ ಮುಂದಿನ ಪಟ್ಟಿಗಳಲ್ಲಿ ಆರನೇ ಐಟಮ್ಮಿಗೂ ಏಳನೆಯದಕ್ಕೂ ನಡುವೆ ಎರಡು ಬೆರಳಗಲ ಖಾಲಿ ಜಾಗ. ಟೈಪು ಮಾಡುವವರು ಪ್ರತಿ ಸಲ ಅದು ತಪ್ಪೆಂದು ತಿದ್ದುತ್ತಿದ್ದರು. ಪ್ರತಿ ಸಲ ನಾನು ಮರಳಿ ಬಿಡಿಸುತ್ತಿದ್ದೆ.

ಅವರು ಬಿದ್ದದ್ದು ಕುಣಿಯುವಾಗಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನಾನು ಹೇಳಿಕೊಟ್ಟಂತೆ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ಶಿಸ್ತಾಗಿ ಬಸ್ಸಿನಿಂದ ಇಳಿಯುವಾಗ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ, "ನೋಡಿದೆಯಾ ಸಿಸ್ಟರ್, ನೆಟ್ಟಗೆ ನಡೆದದ್ದಕ್ಕೆ ಹೀಗಾಯಿತು," ಎಂದರು. ಸೊಂಟದ ಮೂಳೆ ಜೋಡಿಸಿದರು. ಗಾಯಕ್ಕೆ ಕೀವು ಸೇರಿತು. ಆಮೇಲೆ ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ಬಿಚ್ಚಿ ತೊಳೆದು ಕಟ್ಟಬೇಕು. ಅದು ಎಂಥ ನೋವೆಂದು ನನಗೆ ಗೊತ್ತು. ನೂರಾರು ಜನಕ್ಕೆ ಕಟ್ಟಿದ್ದೇನೆ. ಮೊದಲ ಎರಡು ದಿನ ಅವರು ನರ್ಸುಗಳನ್ನು ನಗಿಸಿದರು. ಮೂರನೆಯ ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ನಾನು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ಚಾದರದ ಮೂಲೆ ಸರಿಪಡಿಸಿದೆ.

ಹನ್ನೊಂದು ಹೊಡೆಯಿತು. ಡ್ರೆಸ್ಸಿಂಗಿನ ಗಾಡಿ ಬಂತು. ಎಳೆ ಪ್ರಾಯದ ನರ್ಸೊಬ್ಬಳು ನನ್ನ ಮೊಣಕೈ ಮುಟ್ಟಿ, "ಮನೆಯವರು ಸ್ವಲ್ಪ ಹೊರಗೆ ಇರಬೇಕು," ಎಂದು ಮೃದುವಾಗಿ ಹೇಳಿ, ಮಂಚದ ಸುತ್ತ ಪರದೆ ಎಳೆದಳು. ಆ ವಾಕ್ಯವನ್ನು ನಾನು ಮೂವತ್ತೆರಡು ವರ್ಷ ಹೇಳಿದ್ದೇನೆ. ಕೇಳಿಸಿಕೊಂಡದ್ದು ಅವತ್ತೇ ಮೊದಲು.

ಒಳಗಿನಿಂದ ನಾದಿನಿಯ ನರಳಾಟ ಶುರುವಾಯಿತು. ಆ ಕೋಣೆಯಲ್ಲಿ ಇನ್ನೂ ಐದು ಮಂಚ, ಐದು ಮುದುಕಿಯರು. ಒಬ್ಬಾಕೆ ಸೂರು ನೋಡುತ್ತಿದ್ದಳು. ಒಬ್ಬಾಕೆ ಹೆಣಿಗೆಯ ಕಡ್ಡಿಗಳನ್ನು ಎದೆಗೆ ಹಿಡಿದುಕೊಂಡಿದ್ದಳು. ಪಕ್ಕದ ಮಂಚದಾಕೆ, ಹನ್ನೊಂದೂವರೆಗೆ ಅವಳ ಸರದಿ, ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಇಷ್ಟು ವರ್ಷ ನಾನು ಸಾವಿರಾರು ಸಲ ಆ ಪರದೆ ಎಳೆದಿದ್ದೇನೆ, ಅಚ್ಚುಕಟ್ಟಾಗಿ, ಒಂದಿಂಚೂ ಸಂದು ಬಿಡದೆ. ಅದರ ಈಚೆಗೆ ಏನು ನಡೆಯುತ್ತದೆ ಎಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ನಾನು ಕೈಚೀಲವನ್ನು ಕುರ್ಚಿಯ ಮೇಲಿಟ್ಟೆ. ನನ್ನದು ಗಟ್ಟಿ ಹಿಮ್ಮಡಿಯ ನಡೆಯುವ ಬೂಟು. ನೆಲ ಲಿನೋಲಿಯಂ.

ಒಂದು ಹಿಮ್ಮಡಿ ಬಡಿದೆ. ಇನ್ನೊಂದು ಬಡಿದೆ. ಸೂರು ನೋಡುತ್ತಿದ್ದಾಕೆ ತಲೆ ತಿರುಗಿಸಿದಳು. ಹೇಳಲು ನನಗೆ ಒಂದು ಜೋಕೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ಒಂದು ಹಾಡು. ಆ ಐವರಿಗೆ ಅದರ ಒಂದು ಅಕ್ಷರವೂ ತಿಳಿಯದೆಂದು ತಿಳಿದೂ ದನಿ ಎತ್ತಿದೆ. ಸುರತ್ಕಲ್ ಎಂದು ಬಲಗಾಲು. ಹಳೆಯಂಗಡಿ ಎಂದು ಎಡಗಾಲು. ಹೆಣಿಗೆಯಾಕೆಯ ಕಡ್ಡಿಗಳು ಕೆಳಗಿಳಿದವು. ಮೂಲ್ಕಿಯಲ್ಲಿ ಸಣ್ಣಗೊಂದು ಸುತ್ತು ಸುತ್ತಿದೆ; ಎದೆಯ ಗಡಿಯಾರ ಹಾರಿ ಗಲ್ಲಕ್ಕೆ ಬಡಿಯಿತು. ಪಕ್ಕದ ಮಂಚದಾಕೆ ಕಣ್ಣು ತೆರೆದು, ನನ್ನನ್ನು ನೋಡಿ, ಕಿಸಕ್ಕೆಂದಳು. ಒಳಗಿನ ನರಳಾಟ ಈಗ ನನಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಡುಬಿದ್ರಿ ಎಂದು ಇನ್ನೂ ಜೋರಾಗಿ ಬಡಿದೆ.

ಪರದೆಯ ಹಿಂದಿನಿಂದ, ಹಲ್ಲು ಕಚ್ಚಿಕೊಂಡ ದನಿಯೊಂದು ಬಂತು.

"ಹೆಜಮಾಡಿ ಬಿಟ್ಟೆ."

ಮೂರು ಬಡಿತ ಇನ್ನೂ ಕೇಳಿಸಿರಲಿಲ್ಲ. ನಾನು ಬಸ್ಸನ್ನು ಮೂಲ್ಕಿಗೆ ತಿರುಗಿಸಿಕೊಂಡು ಹೋದೆ.